ಐಸೆಫ್‌ನಲ್ಲಿ ಅಂಕ ಬೀಳುವುದು ಎಲ್ಲಿ?

ವಿಜ್ಞಾನ ಮೇಳಗಳಲ್ಲಿ ಆಕರ್ಷಕ ಮಾದರಿ ಇದ್ದವರಿಗೇ ಬಹುಮಾನ ಎಂದು ಲೇಖನವೊಂದು ಹೇಳಿತ್ತು. ಅಮೆರಿಕದಲ್ಲಿ ನಡೆಯುವ ಐಸೆಫ್ (ಪ್ರೌಢಶಾಲಾ ಮಕ್ಕಳ ಅಂತರರಾಷ್ಟ್ರೀಯ ವಿಜ್ಞಾನ, ಎಂಜಿನಿಯರಿಂಗ್ ಮೇಳ) ಮಟ್ಟಿಗೆ ಆ ಮಾತು ಸರಿಯಲ್ಲ. ಅಲ್ಲಿ 100ರಲ್ಲಿ ಪೋಸ್ಟರ್‌ಗೆ ಬರೀ 10 ಅಂಕ. ಸಂಶೋಧನಾ ಪ್ರಶ್ನೆಗೆ 10, ವಿಧಾನಕ್ಕೆ 15, ಪ್ರಯೋಗ ನಡೆಸಿ ದತ್ತಾಂಶ ವಿಶ್ಲೇಷಿಸಿದ್ದಕ್ಕೆ 20, ಸೃಜನಶೀಲತೆಗೆ 20. ಉಳಿದ 25 ಪೂರ್ತಿ ತೀರ್ಪುಗಾರರು ನಡೆಸುವ ಸಂದರ್ಶನದ್ದು. ಮಕ್ಕಳು ಎಡವುವುದೂ ಅಲ್ಲೇ. ಬಾಯಿಪಾಠದ ಭಾಷಣ ಮುಗಿಯುವ ಮೊದಲೇ ಪ್ರಶ್ನೆ ಬರಬಹುದು: ಈ ಅಳತೆ ಎಷ್ಟು ಸಲ ತೆಗೆದೆ? ಹೋಲಿಕೆಗೆ ಇಟ್ಟ ಗುಂಪು ಯಾವುದು? ಈ ಒಂದು ಬಿಂದು ಮಾತ್ರ ಯಾಕೆ ದೂರ ಸಿಡಿದಿದೆ? ಒಂದೇ ಸಲ ಅಳೆದು ಗ್ರಾಫ್ ಎಳೆದವರ ಬಳಿ ಇದಕ್ಕೆ ಉತ್ತರವಿರುವುದಿಲ್ಲ. ಊಹೆ ಸುಳ್ಳಾಯಿತು ಅನ್ನುವುದು ದೋಷವೇ ಅಲ್ಲ, ಅದನ್ನು ಮುಚ್ಚಿಡುವುದು ದೋಷ.

ದೊಡ್ಡ ಲ್ಯಾಬಿನಲ್ಲಿ ಮಾಡಿದ್ದಾದರೆ ಯಾವ ಹಂತ ನಿನ್ನದು, ಯಾವುದು ಮಾರ್ಗದರ್ಶಕರದು ಎಂದು ಕೆದಕುತ್ತಾರೆ. ಹಳೆಯ ಪ್ರಾಜೆಕ್ಟ್ ಮುಂದುವರಿಸಿದ್ದರೆ ಈ ವರ್ಷದ ಕೆಲಸವಷ್ಟೇ ಲೆಕ್ಕಕ್ಕೆ.

ಅಂದಹಾಗೆ ಗಿಡ, ಮಣ್ಣು, ರಾಸಾಯನಿಕ, ಕಡೆಗೆ ನೀರನ್ನೂ ಮೇಜಿನ ಮೇಲೆ ಇಡುವಂತಿಲ್ಲ, ಫೋಟೊ ತೋರಿಸಬೇಕು. ನಮ್ಮ ಶಾಲಾ ಮೇಳಗಳ ವಿನೆಗರ್-ಸೋಡಾ ಜ್ವಾಲಾಮುಖಿ ಅಲ್ಲಿ ಸುರಕ್ಷತಾ ತಪಾಸಣೆಯಲ್ಲೇ ಆರಿಹೋಗುತ್ತದೆ.