ಎಸ್ಸೆಸ್ಸೆಲ್ಸಿ ಇಂಗ್ಲಿಷ್: ಮಾತಿಗೂ ಅಂಕ ಬೇಕೇ?

ಪರ
(ಬರೆದವರು: ಸಿಂಧನೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ)

ಬೇಕೇ ಬೇಕು. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಇಂಗ್ಲಿಷ್ ಎರಡನೇ ಭಾಷೆ. ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಆ 80ರಲ್ಲಿ ಬಾಯಿ ಬಿಟ್ಟು ಮಾತಾಡುವುದಕ್ಕೆ ಒಂದು ಅಂಕವೂ ಇಲ್ಲ. ಅಂಕ ಇಲ್ಲದ್ದನ್ನು ಜನವರಿ ಬಂದ ಮೇಲೆ ಯಾರು ಕಲಿಸುತ್ತಾರೆ?

ಜನವರಿಯಿಂದ ನಡೆಯುವುದು ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕಲಿಸುವುದು. ಪದ್ಯದ ಸಾಲು ಬಾಯಿಪಾಠ, ಪತ್ರದ ನಮೂನೆ ಬಾಯಿಪಾಠ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಒಬ್ಬ ಹುಡುಗಿ ತಂದೆಗೆ ಪತ್ರ ಬರೆದಿದ್ದಳು. ಮೇಲೆ ವಿಳಾಸ, ದಿನಾಂಕ, 'ಡಿಯರ್ ಫಾದರ್', ಕೆಳಗೆ 'ಯುವರ್ಸ್ ಲವಿಂಗ್ಲಿ', ಎಲ್ಲ ಸರಿ. ನಡುವೆ ಮಾತ್ರ ಪ್ರಶ್ನೆಯನ್ನೇ ಎತ್ತಿ ಬರೆದಿದ್ದಳು. ನಮೂನೆಗೆ ಅಂಕ ಇತ್ತು, ಬಂತು.

ಅದೇ ವಾರ ತರಗತಿಯಲ್ಲಿ ಅವಳಿಗೆ ಒಂದು ಕೆಲಸ ಕೊಟ್ಟೆ. ಕನ್ನಡ ಬಾರದವರೊಬ್ಬರು ಊರಿಗೆ ಬಂದಿದ್ದಾರೆ, ಬಸ್ ಸ್ಟ್ಯಾಂಡಿನಿಂದ ದವಾಖಾನೆಗೆ ದಾರಿ ಹೇಳು ಎಂದೆ. ಸ್ವಲ್ಪ ಹೊತ್ತು ನೆಲ ನೋಡಿದಳು. ಆಮೇಲೆ ಕೈ ಚಾಚಿ, 'ಸ್ಟ್ರೈಟ್ ಗೋ. ಕೆನಾಲ್ ಕಮ್. ನೋ ಕ್ರಾಸ್. ಲೆಫ್ಟ್ ಗೋ, ಬ್ಲೂ ಗೇಟ್' ಎಂದಳು. ವ್ಯಾಕರಣ ಇಲ್ಲ, ನಿಜ. ಆದರೆ ಇಷ್ಟು ಕೇಳಿದವರು ದವಾಖಾನೆ ಮುಟ್ಟುತ್ತಾರೆ ಅಲ್ವಾ? ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪಿನ ಹುಡುಗಿ ಅವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎರಡು ಭಾಷೆ ಸಲೀಸಾಗಿ ನಿಭಾಯಿಸುವ ಮಗುವನ್ನು 'ಇಂಗ್ಲಿಷ್ ಬರಲ್ಲ' ಎಂದು ಪತ್ರಿಕೆ ನೋಡಿ ತೀರ್ಮಾನ ಮಾಡುತ್ತೇವಲ್ಲ, ಅದಕ್ಕೇ ನನಗೆ ಸಂಕಟ.

ಮಾತನ್ನು ಅಳೆಯುವುದು ಕಷ್ಟ ಎನ್ನುತ್ತಾರೆ. ನಾನು ನಾಲ್ಕೇ ಅಂಶ ನೋಡುತ್ತೇನೆ. ಕೇಳಿದ್ದು ಅರ್ಥವಾಯಿತೇ? ಹೇಳಬೇಕಾದ್ದು ಎದುರಿನವರಿಗೆ ಗೊತ್ತಾಯಿತೇ? ಅರ್ಥವಾಗದಿದ್ದಾಗ ತಿರುಗಿ ಕೇಳಿದಳೇ? ತನ್ನದೇ ಒಂದು ಮಾತು ಸೇರಿಸಿದಳೇ? ಒಂದೊಂದಕ್ಕೆ 0, 1 ಇಲ್ಲವೇ 2. ಉಚ್ಚಾರಕ್ಕೆ ಅಂಕ ಕಳೆಯುವುದಿಲ್ಲ. ಏನು ನೋಡುತ್ತೇನೆ ಅಂತ ಮಕ್ಕಳಿಗೆ ಮೊದಲೇ ಹೇಳಿರುತ್ತೇನೆ. ಪಾಠವನ್ನೂ ಅದಕ್ಕೆ ತಕ್ಕ ಹಾಗೆ ಜೋಡಿಸುತ್ತೇನೆ. ಕೊನೆಗೆ ದಾರಿ ಹೇಳಬೇಕು ಎಂದಾದರೆ ಮೊದಲು ಊರಿನ ನಕ್ಷೆ ಬರೆಸುತ್ತೇನೆ, ಬೇಕಾದ ಪದಗಳನ್ನು ಗೋಡೆಗೆ ಹಚ್ಚುತ್ತೇನೆ, ಇಬ್ಬಿಬ್ಬರನ್ನು ಕೂರಿಸಿ ಮಾತಾಡಿಸುತ್ತೇನೆ. ಏನು ಹೇಳಬೇಕೆಂದು ಕನ್ನಡದಲ್ಲೋ ತೆಲುಗಿನಲ್ಲೋ ಮೊದಲು ಮಾತಾಡಿಕೊಳ್ಳಲಿಕ್ಕೂ ಬಿಡುತ್ತೇನೆ.

ಪಿಯುಸಿ ವಿಜ್ಞಾನಕ್ಕೆ 30 ಅಂಕದ ಪ್ರಾಯೋಗಿಕ ಪರೀಕ್ಷೆ ನಡೆಸಲು ಆಗುತ್ತದೆ. ಇಂಗ್ಲಿಷ್ ಮಾತಿಗೆ 10 ಅಂಕದ್ದು ನಡೆಸಲು ಆಗುವುದಿಲ್ಲವೇ? ಶಿಕ್ಷಕರ ಕೊರತೆ ಅನ್ನುವವರಿದ್ದಾರೆ. ಕೊರತೆ ಯಾವತ್ತು ಇರಲಿಲ್ಲ? ಕೆಲಸ ಜಾಸ್ತಿಯಾಗುತ್ತದೆ ಎಂಬ ಅಂಜಿಕೆಗೆ ಅದೊಂದು ನೆಪ. ಮನಸ್ಸು ಮಾಡಿದರೆ ಮುಂದಿನ ಜೂನ್‌ನಿಂದಲೇ ಶುರು ಮಾಡಬಹುದು.

ವಿರೋಧ
(ಬರೆದವರು: ಕುಷ್ಟಗಿ ತಾಲ್ಲೂಕಿನ ನಿವೃತ್ತ ಮುಖ್ಯ ಶಿಕ್ಷಕ)

ಈ ಬದಿಯಿಂದ ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ಮಕ್ಕಳು ತರಗತಿಯಲ್ಲಿ ಇಂಗ್ಲಿಷ್ ಮಾತಾಡಬೇಕು ಎನ್ನುವುದಕ್ಕೆ ನನ್ನ ತಕರಾರಿಲ್ಲ. ಅದನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ತರುವುದು ಬೇಡ, ಅಷ್ಟೇ.

ಲಿಖಿತ ಪತ್ರಿಕೆ ತಿದ್ದುವವರಿಗೆ ಮಗು ಯಾರೆಂದು ಗೊತ್ತಿರುವುದಿಲ್ಲ. ಎದುರಿಗೆ ಕೂರಿಸಿ ಮಾತಾಡಿಸಿದರೆ ಅಡ್ಡಹೆಸರು, ಬಟ್ಟೆ, ಅಪ್ಪನ ಕೆಲಸ ಎಲ್ಲವೂ ಗೊತ್ತಾಗುತ್ತದೆ. ಕಾನ್ವೆಂಟ್ ಬಿಟ್ಟು ಎಂಟನೇ ತರಗತಿಗೆ ನಮ್ಮಲ್ಲಿ ಸೇರಿದ ಮಗು ಪಟಪಟ ಮಾತಾಡುತ್ತದೆ. ಅಪ್ಪ-ಅಮ್ಮನ ಜೊತೆ ಗುಳೆ ಹೋಗಿ ನಾಲ್ಕು ತಿಂಗಳು ಪಾಠ ಕಳೆದುಕೊಂಡ ಮಗು ಹೊಸಬರ ಮುಂದೆ ಕನ್ನಡವನ್ನೂ ಆಡುವುದಿಲ್ಲ. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಅಂಕ ಹಾಕುವುದು ನ್ಯಾಯವಲ್ಲ.

ಸ್ವಲ್ಪ ಲೆಕ್ಕವನ್ನೂ ನೋಡಿ. 60 ಮಕ್ಕಳು, ತಲಾ 5 ನಿಮಿಷ ಎಂದರೆ 5 ತಾಸು. ಅಷ್ಟು ಹೊತ್ತು ಉಳಿದ ತರಗತಿಗಳನ್ನು ಯಾರು ನೋಡುತ್ತಾರೆ? ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೂ ನಮ್ಮ ಕಡೆ ಹುದ್ದೆಗಳು ಖಾಲಿ ಇವೆ. ಎಷ್ಟೋ ಕಡೆ ಇಂಗ್ಲಿಷ್ ಪಾಠವನ್ನು ಅತಿಥಿ ಶಿಕ್ಷಕರೇ ನಡೆಸುತ್ತಾರೆ. ಆಂತರಿಕ 20 ಅಂಕದ ಕಥೆ ನಾನು ಹೇಳಬೇಕಾಗಿಲ್ಲ. ಕೈ ಎತ್ತಿ ಎಲ್ಲರಿಗೂ 18, 19 ಹಾಕುತ್ತಾರೆ. ಮಾತಿನ ಅಂಕವೂ ಹಾಗೇ ಆಗುತ್ತದೆ.

ಹಳ್ಳಿ ಮಕ್ಕಳೆಲ್ಲ ನಾಳೆಯೇ ಕಾಲ್ ಸೆಂಟರಿಗೆ ಹೊರಟಿದ್ದಾರೆ ಎನ್ನುವ ಹಾಗೆ ಕೆಲವರು ಮಾತಾಡುತ್ತಾರೆ. ನಮ್ಮ ಮಕ್ಕಳಿಗೆ ಮೊದಲು ಬೇಕಾದದ್ದು ಅರ್ಜಿ ಓದಿ ತುಂಬುವಷ್ಟು, ಔಷಧಿ ಚೀಟಿ ಓದುವಷ್ಟು ಇಂಗ್ಲಿಷ್. ಮಾತಿನ ಚಟುವಟಿಕೆ 6, 7, 8ನೇ ತರಗತಿಗಳಲ್ಲಿ ಅಂಕದ ಭಯವಿಲ್ಲದೆ ನಡೆಯಲಿ. ಹುದ್ದೆ ತುಂಬುವವರೆಗೆ ಹತ್ತನೇ ತರಗತಿಗೆ ಈಗಿರುವ ಪತ್ರಿಕೆಯೇ ಇರಲಿ.