ತಗಡಿನ ಮಾಡೂ ಅಟ್ಟದ ಫ್ಯಾನೂ

ಕರಾವಳಿಯಲ್ಲಿ ಹಂಚಿನ ಮಾಡನ್ನು ಇಳಿಸಿ ಬಣ್ಣದ ತಗಡಿನ ಶೀಟು ಹೊದೆಸಲು ಹೊರಟವರಿಗೆ ಸಲಹೆಗಾರರ ಬರವಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಲು ಆಳು ಹುಡುಕಿಕೊಂಡು ಅಲೆಯಬೇಕಾಗಿಲ್ಲ, ಮಂಗಗಳು ಮಾಡಿನ ಮೇಲೆ ಓಡಾಡಿದವೆಂದು ಜೂನ್ ತಿಂಗಳ ನಡುರಾತ್ರಿಯಲ್ಲಿ ಮಂಚದ ಸುತ್ತ ಕೊಡಪಾನ, ಬಕೆಟ್ಟು, ಬೋಗುಣಿಗಳನ್ನು ಇಡಬೇಕಾಗಿಲ್ಲ, ಗೆದ್ದಲು ಹಿಡಿದ ರೀಪುಗಳನ್ನು ಬದಲಿಸಬೇಕಾಗಿಲ್ಲ ಎಂದು ಅವರು ಒಂದೊಂದಾಗಿ ವಿವರಿಸುತ್ತಾರೆ, ಮತ್ತು ಅವೆಲ್ಲವೂ ನಿಜ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಆ ಶೀಟಿನ ಕೆಳಗಿರುವ ಅಟ್ಟದಲ್ಲಿ ಏನಾಗುತ್ತದೆ ಎಂಬ ವಿಷಯದಲ್ಲಿ ಮಾತ್ರ ಈ ಮಹನೀಯರೆಲ್ಲ ಮೌನಿಗಳು.

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಮಾಡು ಹಿಂದೆ ಮಂಗಳೂರು ಹಂಚಿನದಾಗಿತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಕರಾವಳಿಯ ಮನೆಗಳನ್ನು ಕಾಯುತ್ತ ಬಂದಿರುವ ಈ ಹಂಚಿಗೆ ಒಂದು ಗುಣವಿದೆ. ಒಂದರ ಅಂಚಿನ ಮೇಲೊಂದು ಎಷ್ಟೇ ಬಿಗಿಯಾಗಿ ಕುಳಿತರೂ ನಡುವೆ ಕೂದಲೆಳೆಯ ಸಂದು ಉಳಿಯುತ್ತದೆ, ಮತ್ತು ಮಾಡಿನ ತುಂಬ ಹರಡಿದ ಆ ಸಂದುಗಳಿಂದ ಬಿಸಿಗಾಳಿಯು ಯಾರ ಅಪ್ಪಣೆಯನ್ನೂ ಕೇಳದೆ ಮೇಲಕ್ಕೆ ಸೋರಿ ಹೋಗುತ್ತದೆ. ಶೀಟಿಗೆ ಅಂಥ ಔದಾರ್ಯವಿಲ್ಲ. ಅದರ ಮೇಲೆ, ನಮ್ಮಲ್ಲಿ ಶೀಟು ಹೊದೆಸಿದ ಗುತ್ತಿಗೆದಾರರು ಕೆಲಸದಲ್ಲಿ ಬಹಳ ಅಚ್ಚುಕಟ್ಟಿನವರಾದ್ದರಿಂದ, ಬಾವಲಿಗಳೂ ಇಲಿಗಳೂ ನುಗ್ಗದಿರಲೆಂದು ಸೂರಿನಡಿಯ ಕಿಂಡಿಗಳನ್ನೆಲ್ಲ ಸಿಮೆಂಟು ಮೆತ್ತಿ ಮುಚ್ಚಿ, ಕೈತೊಳೆದು, ಚಹಾ ಕುಡಿದು ಹೋದರು. ಮೊದಲ ಬೇಸಿಗೆಯಲ್ಲೇ ಅಟ್ಟದ ಪೆಟ್ಟಿಗೆಯಲ್ಲಿದ್ದ ಮೇಣದ ಬತ್ತಿಗಳು ನಡುಬಗ್ಗಿಸಿ ಒಂದಕ್ಕೊಂದು ನಮಸ್ಕಾರ ಮಾಡತೊಡಗಿದವು. ಹಲಗೆಯ ಮುಚ್ಚಿಗೆಯ ಕೆಳಗೆ ಮಲಗುತ್ತಿದ್ದ ನಾವು ರಾತ್ರಿ ಹನ್ನೊಂದರವರೆಗೂ ಜಗುಲಿಯಲ್ಲೇ ಕುಳಿತು ಲೋಕಾಭಿರಾಮದ ಮಾತಾಡುವ ಅಭ್ಯಾಸ ಬೆಳೆಸಿಕೊಂಡೆವು.

ಪರಿಹಾರವೆಂದು ಮಾಡಿನ ಎರಡೂ ತುದಿಯ ಮುಕ್ಕೋನ ಗೋಡೆಗಳಲ್ಲಿ ಒಂದೊಂದು 12 ಇಂಚಿನ ಎಕ್ಸಾಸ್ಟ್ ಫ್ಯಾನು ಬಂದಿತು. ಅಟ್ಟದ ಉಷ್ಣತೆ 40 ಡಿಗ್ರಿ ದಾಟಿದೊಡನೆ ಅವು ತಾವೇ ಚಾಲೂ ಆಗುವಂತೆ ಒಂದು ಥರ್ಮೋಸ್ಟಾಟನ್ನೂ ಕೂಡಿಸಲಾಯಿತು. ಕೆಲವು ಕಾಲ ಅವು ಗುಂಯ್‌ಗುಟ್ಟುತ್ತ ತಿರುಗಿದವು. ಮನೆ ತಂಪಾಯಿತೆಂದು ನಾವೂ ನಂಬಿದೆವು, ಏಕೆಂದರೆ ದುಡ್ಡು ಕೊಟ್ಟು ತಂದ ವಸ್ತು ಸದ್ದು ಮಾಡುತ್ತಿರುವಾಗ ಅದರ ಪ್ರಯೋಜನವನ್ನು ಸಂಶಯಿಸುವುದು ಸಂಸಾರಸ್ಥರ ಲಕ್ಷಣವಲ್ಲ. ಅನಂತರ ಒಂದು ಬೇಸಿಗೆಯಲ್ಲಿ ಮೂಡಣ ದಿಕ್ಕಿನ ಫ್ಯಾನು ಗುಂಯ್‌ಗುಡುವುದನ್ನು ಉಳಿಸಿಕೊಂಡು ತಿರುಗುವುದನ್ನು ಬಿಟ್ಟಿತು. ಪಡುವಣ ದಿಕ್ಕಿನದು ತಿರುಗುತ್ತಿತ್ತಾದರೂ, ಸಂಜೆಯ ಹೊತ್ತಿಗೆ ಕರು ಕಾಣದ ಎಮ್ಮೆಯ ಸ್ವರ ತೆಗೆಯತೊಡಗಿತು.

ರೋಗ ಯಾವುದೆಂದು ನಿರ್ಣಯಿಸುವಲ್ಲಿ ಪ್ರತಿಯೊಬ್ಬರೂ ತಮಗೆ ಪರಿಚಯವಿದ್ದ ಅಂಗದಲ್ಲೇ ದೋಷ ಕಂಡರು. ಮೊಬೈಲಿನ ಹೊರತು ಬೇರೆ ಯಂತ್ರವನ್ನು ಮುಟ್ಟದ ಮಗ ಥರ್ಮೋಸ್ಟಾಟಿನ ಸೆಟ್ಟಿಂಗ್ ತಪ್ಪಿದೆಯೆಂದ. ಮಿಕ್ಸರ್ ಕೂಡ ನಿಧಾನವಾಗಿದೆಯಾದ್ದರಿಂದ ವೋಲ್ಟೇಜೇ ಕಡಿಮೆಯೆಂದು ಹೆಂಡತಿ ವಾದಿಸಿದಳು. ಪಕ್ಕದ ಮನೆಯಲ್ಲಿರುವ ನಿವೃತ್ತ ಅಕ್ಕೋರು, ಊರಿನ ಅರ್ಧದಷ್ಟು ಜನರಿಗೆ ಮಗ್ಗಿ ಕಲಿಸಿದವರಾದ್ದರಿಂದ ಯಾವ ವಿಷಯದಲ್ಲೂ ಅನುಮಾನವಿಲ್ಲದವರು, “ತಮ್ಮಾ, ಅದಕ್ಕೆ ನಾಲ್ಕು ಹನಿ ತೆಂಗಿನೆಣ್ಣೆ ಬಿಡು, ಸುಮ್ಮನಾಗ್ತದೆ” ಎಂದು ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟರು. ಅವರ ತೀರ್ಪನ್ನು ಮೀರುವ ಧೈರ್ಯ ನಮ್ಮ ಕೇರಿಯಲ್ಲಿ ಯಾರಿಗೂ ಇಲ್ಲವಾಗಿ, ಮಗನು ಏಣಿ ಹತ್ತಿ ಪಡುವಣ ಫ್ಯಾನಿಗೆ ಎಣ್ಣೆಯ ಅಭಿಷೇಕ ಮಾಡಿದ. ಫ್ಯಾನು ನಿಜಕ್ಕೂ ಸುಮ್ಮನಾಯಿತು. ಆದರೆ ತೆಂಗಿನೆಣ್ಣೆಯು ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವ ಪದಾರ್ಥ. ಅದಲ್ಲದೆ ಅಟ್ಟದ ಧೂಳಿನೊಡನೆ ಬೆರೆತರೆ ಮೋಟರಿನ ಅಚ್ಚು ಕುಳಿತು ತಿರುಗುವ ಬುಶ್ಶಿನೊಳಗೆ ಒಂದು ಬಗೆಯ ಅಂಟು ತಯಾರಾಗುತ್ತದೆ. ಹೊಲಿಗೆ ಯಂತ್ರಕ್ಕೆ ಬಿಡುವ ತೆಳುವಾದ ಎಣ್ಣೆಯಾದರೆ ಕೆಲಸಕ್ಕೆ ಬರುತ್ತಿತ್ತು. ಡಿಸೆಂಬರಿನಲ್ಲಿ ಪರೀಕ್ಷಿಸಿದಾಗ ರೆಕ್ಕೆಯನ್ನು ಕೈಯಿಂದ ತಿರುಗಿಸುವುದಕ್ಕೂ ಆಗದಷ್ಟು ಸುಮ್ಮನಿರುವ ವಿದ್ಯೆಯನ್ನು ಆ ಫ್ಯಾನು ಕಲಿತುಬಿಟ್ಟಿತ್ತು.

“ನಾಳೆ ಬೆಳಿಗ್ಗೆ ಬಂದೇಬಿಟ್ಟೆ ಅಂತ ತಿಳ್ಕೊಳ್ಳಿ ಸಾರ್” ಎಂದು ಫೋನಿನಲ್ಲಿ ಭರವಸೆ ನೀಡಿದ ವೈರಿಂಗಿನ ಯುವಕ, ನಾವು ಹಾಗೆಯೇ ತಿಳಿದುಕೊಂಡು ಬಹಳ ದಿನ ಕಳೆದ ಬಳಿಕ, ಯುಗಾದಿಯ ಆಚೆಗೆ ಪ್ರತ್ಯಕ್ಷನಾದ. ಅಟ್ಟಕ್ಕೆ ಹಾರದವನು ಬೆಟ್ಟಕ್ಕೆ ಹಾರಿಯಾನೇ ಎಂಬ ಗಾದೆಯನ್ನು ಕಟ್ಟಿದವರು ಬೇಸಿಗೆಯಲ್ಲಿ ತಗಡಿನಡಿಯ ಅಟ್ಟವನ್ನು ಕಂಡಿರಲಾರರು. ಕಂಡಿದ್ದರೆ ಬೆಟ್ಟವನ್ನೇ ಸುಲಭದ ಪಕ್ಷಕ್ಕೆ ಸೇರಿಸುತ್ತಿದ್ದರು. ಆದರೂ ಹುಡುಗ ಕೆಲಸ ಬಲ್ಲವನು. ಮೇನ್ ಸ್ವಿಚ್ಚನ್ನು ಆರಿಸಿ, ಮೂಡಣ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿದ, ಸರಾಗವಾಗಿ ತಿರುಗಿತು. ಮತ್ತೆ ಕರೆಂಟು ಕೊಟ್ಟು, ಗುಂಯ್‌ಗುಡುತ್ತ ನಿಂತಿದ್ದ ರೆಕ್ಕೆಯನ್ನು ಉದ್ದನೆಯ ಹಿಡಿಕಡ್ಡಿಯಿಂದ ಒಮ್ಮೆ ತಳ್ಳಿದಾಗ ಅದು ಓಡತೊಡಗಿತು. “ಕೆಪಾಸಿಟರ್ ಹೋಗಿದೆ” ಎಂದ. ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲಿ ನಡೆಯುವ ಇಂಥ ಮೋಟರು ಒಮ್ಮೆ ಹೊರಟರೆ ಓಡುತ್ತಲೇ ಇರಬಲ್ಲುದು; ಆದರೆ ನಿಂತಲ್ಲಿಂದ ಯಾವ ಕಡೆಗೆ ಹೊರಡಬೇಕೆಂಬುದು ಅದಕ್ಕೆ ತಿಳಿಯದು. ಇನ್ನೊಂದು ಸುತ್ತಿನ ತಂತಿಗೆ ಕರೆಂಟನ್ನು ಸ್ವಲ್ಪ ಮುಂದಾಗಿ ಮುಟ್ಟಿಸಿ ದಿಕ್ಕು ತೋರಿಸುವುದು ಕೆಪಾಸಿಟರಿನ ಕೆಲಸ, ಮತ್ತು ಬಿಸಿಯಲ್ಲಿ ಬೆಂದು ಬೆಂದು ಅದರ ಶಕ್ತಿ ಕುಂದುವುದು ಸಾಮಾನ್ಯ. 2.5 ಮೈಕ್ರೋಫ್ಯಾರಡ್ ಎಂದು ಬರೆದಿದ್ದ ಡಬ್ಬಿಗೆ ಮೀಟರು ಹಚ್ಚಿದರೆ ಅದರ ಅರ್ಧವೂ ಇರಲಿಲ್ಲ. ಅಟ್ಟದ ಬಿಸಿಯನ್ನು ಹೊರಗಟ್ಟಲು ನೇಮಕವಾದ ಯಂತ್ರವು ಅದೇ ಬಿಸಿಯಲ್ಲಿ ಕುಳಿತು ದುಡಿಯಬೇಕೆಂಬ ವ್ಯವಸ್ಥೆಯನ್ನು ರೂಪಿಸಿದವರಾರೋ, ಅವರಿಗೆ ಸರಕಾರಿ ಕಚೇರಿಗಳ ಒಳ್ಳೆಯ ಪರಿಚಯವಿದ್ದಿರಬೇಕು.

ಹೊಸ ಕೆಪಾಸಿಟರ್ ಹಾಕಿದ ಮೇಲೆ ಫ್ಯಾನು ಕೆಲವು ದಿನ ಚೆನ್ನಾಗಿಯೇ ಓಡಿ, ಈ ಬಾರಿ ಗುಂಯ್ ಎನ್ನುವುದನ್ನೂ ಬಿಟ್ಟು ಶಾಶ್ವತವಾಗಿ ನಿಂತಿತು. ತಿರುಗದೆ ಕರೆಂಟು ಕುಡಿಯುತ್ತ ನಿಂತಿದ್ದ ಅಷ್ಟು ಕಾಲವೂ ಅದರ ಸುರುಳಿ ಒಳಗೊಳಗೇ ಕಾದಿದ್ದರಿಂದ, ಸುರುಳಿಯ ನಡುವೆ ಹುದುಗಿಸಿಟ್ಟಿರುವ, ಒಮ್ಮೆ ಕರಗಿದರೆ ಮತ್ತೆ ಕೂಡದ ಫ್ಯೂಸು ಕರಗಿಹೋಗಿತ್ತು. ಸುರುಳಿಯನ್ನು ಹೊಸದಾಗಿ ಸುತ್ತಿಸುವ, ಅಂದರೆ ರಿವೈಂಡಿಂಗ್ ಮಾಡಿಸುವ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಹೊಸ ಫ್ಯಾನೇ ಬರುತ್ತದೆಂದು ಅಂಗಡಿಯವರು ಹೇಳಿದರು. ಎರಡೂ ಫ್ಯಾನುಗಳನ್ನು ಬದಲಿಸುವುದೆಂದಾಯಿತು. ಈ ಬಾರಿ ಬುಶ್ಶಿನ ಬದಲು ಬಾಲ್ ಬೇರಿಂಗ್ ಇರುವವನ್ನು ತಂದೆವು.

ಬದಲಿಸುವುದು ಎಂಬ ಕ್ರಿಯಾಪದವು ಸಮುದ್ರದ ಅಂಚಿನಲ್ಲಿ ವಾಸಿಸುವವರಿಗೆ ಅಷ್ಟು ಸುಲಭವಾಗಿ ಒಲಿಯುವುದಿಲ್ಲ. ಉಪ್ಪುಗಾಳಿಯಲ್ಲಿ ಹಳೆಯ ಸ್ಕ್ರೂಗಳು ಚೌಕಟ್ಟಿನೊಂದಿಗೆ ಒಂದೇ ಲೋಹವಾಗಿ ಬೆರೆತಿದ್ದವು. ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ತಲೆ ಮಾತ್ರ ಕೈಗೆ ಬರುತ್ತಿತ್ತು. ಕೊನೆಗೆ ಚೌಕಟ್ಟನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಹೊಸ ಫ್ಯಾನಿನ ತೂತುಗಳು ಹಳೆಯ ತೂತುಗಳಿಗೆ ಹೊಂದುವುದಿಲ್ಲವೆಂಬುದು ಈ ವ್ಯಾಪಾರದ ಮೂಲ ನಿಯಮವಾದ್ದರಿಂದ ಗಾರೆಯವರನ್ನೂ ಕರೆಸಬೇಕಾಯಿತು. ಸ್ಟೇನ್‌ಲೆಸ್ ಸ್ಕ್ರೂಗಳಿಗೆ ದುಡ್ಡು ಹೆಚ್ಚಾದರೂ ಅವನ್ನೇ ಹಾಕಿಸಬೇಕೆಂದು ಕಾರವಾರದಿಂದ ಭಟ್ಕಳದವರೆಗಿನ ಎಲ್ಲ ಮನೆಯವರಿಗೂ ನನ್ನ ಶಿಫಾರಸು.

ಮಧ್ಯಾಹ್ನದ ಹೊತ್ತಿಗೆ ಅಟ್ಟದೊಳಗೆ ಕೂರಲಾರದೆ ಹುಡುಗ ಹೊರಗಿನಿಂದಲೇ ಏಣಿ ಹಾಕಿಕೊಂಡು ಮೂಡಣ ಫ್ಯಾನನ್ನು ಕೂಡಿಸಿದ. ಒಳಗಿನಿಂದ ಕೂಡಿಸಬೇಕಾದ ಫ್ಯಾನನ್ನು ಹೊರಗಿನಿಂದ ಕೂಡಿಸಿದರೆ ಮುಖ ತಿರುವುಮುರುವಾಗುತ್ತದೆ. ಅದು ಗಾಳಿಯನ್ನು ಹೊರಗೆ ದಬ್ಬುವ ಬದಲು ಒಳಗೆ ಎಳೆಯುತ್ತದೆ. ಮೂಡಣ ಗೋಡೆಯ ಬುಡದಲ್ಲಿರುವುದು ಅಕ್ಕೋರ ಅಂಗಳ. ಮೇ ತಿಂಗಳಲ್ಲಿ ಆ ಅಂಗಳದ ತುಂಬ ಮಳೆಗಾಲದ ದಾಸ್ತಾನಿಗೆಂದು ತಾರ್ಲೆ, ಬಂಗಡೆ, ಸೀಗಡಿಗಳು ಚಾಪೆಯ ಮೇಲೆ ಬಿಸಿಲು ಕಾಯಿಸುತ್ತಿರುತ್ತವೆ. ಥರ್ಮೋಸ್ಟಾಟು ‘ಟಿಕ್’ ಎಂದ ಕೆಲವೇ ನಿಮಿಷಗಳಲ್ಲಿ ಆ ಸಂಗ್ರಹದ ಸಮಸ್ತ ಪರಿಮಳವು ಅಟ್ಟಕ್ಕೆ ಬಂದು, ಮುಚ್ಚಿಗೆಯ ಸಂದುಗಳಿಂದ ಇಳಿದು, ಊಟದ ಮನೆಯಲ್ಲಿ ತಂಬುಳಿ ಸುರಿಯುತ್ತಿದ್ದ ನನ್ನ ಮಾವನವರನ್ನು ತಲುಪಿತು. ಅವರು ಶಿರಸಿ ಸೀಮೆಯ ಅಡಿಕೆ ತೋಟದವರು. ಮಗಳ ಮನೆಗೆಂದು ಆ ದಿನವೇ ಬಂದಿದ್ದರು. ಎಲೆಯ ಮೇಲೆ ಕೈ ನಿಲ್ಲಿಸಿ ಮುಚ್ಚಿಗೆಯನ್ನೇ ದಿಟ್ಟಿಸಿದರು. ವಿಷಯ ತಿಳಿದ ಅಕ್ಕೋರು ಮಾತ್ರ ಬಹಳ ಸಂತೋಷಪಟ್ಟು, ತಮ್ಮ ಅಂಗಳದಲ್ಲಿ ನೊಣ ಕಡಿಮೆಯಾಗಿದೆಯೆಂದೂ ಫ್ಯಾನನ್ನು ಹಾಗೆಯೇ ಇಟ್ಟುಕೊಳ್ಳಬೇಕೆಂದೂ ಹೇಳಿ ಕಳಿಸಿದರು.

ವಿಚಿತ್ರವೆಂದರೆ, ಆ ಮಧ್ಯಾಹ್ನ ಅಟ್ಟವು ಹಿಂದೆಂದೂ ಇಲ್ಲದಷ್ಟು ತಂಪಾಗಿತ್ತು. ಹುಡುಗ ಬಂದು ಫ್ಯಾನನ್ನು ಸರಿಯಾದ ಮುಖಕ್ಕೆ ತಿರುಗಿಸಿದ ಕೂಡಲೇ ವಾಸನೆ ಹೋಯಿತು, ಸೆಕೆ ಮರಳಿತು. ಎರಡು ಹೊಸ ಫ್ಯಾನುಗಳು ಪೂರ್ಣ ವೇಗದಲ್ಲಿ ಸರಿಯಾದ ದಿಕ್ಕಿಗೆ ತಿರುಗುತ್ತಿರುವಾಗ ಅಟ್ಟ ಕಾಯುವುದೂ, ಒಂದು ತಪ್ಪು ದಿಕ್ಕಿಗೆ ತಿರುಗಿದಾಗ ತಂಪಾಗುವುದೂ ಏಕೆಂದು ಹುಡುಗನಿಗೆ ಅರ್ಥವಾಗದೆ, ಅವನು ಮೀಟರನ್ನೇ ಸಂಶಯದಿಂದ ನೋಡತೊಡಗಿದ. ಮಾವನವರು ಕವಳ ಹಾಕಿಕೊಂಡು ಎದ್ದು, ದೇವರ ಮನೆಯಿಂದ ಒಂದು ಊದುಬತ್ತಿ ತಂದು ಮುಚ್ಚಿಗೆಯ ಸಂದಿಗೆ ಹಿಡಿದರು. ಹೊಗೆಯು ನೆಟ್ಟಗೆ ಹಲಗೆಯ ನಡುವೆ ನುಸುಳಿ ಮೇಲೆ ಹೋಯಿತು. “ಅಳಿಯಂದಿರೇ, ಗಾಳಿಗೆ ಹೋಗು ಹೋಗು ಅಂತ ಎರಡು ಕಡೆ ಬಾಗಿಲು ತೆಗೆದಿದ್ದೀರಿ, ಬಾ ಅನ್ನಲಿಕ್ಕೆ ಒಂದಾದರೂ ಬಾಗಿಲು ಬೇಡವೇ? ಅದು ನಿಮ್ಮ ಕೋಣೆಯ ಗಾಳಿಯನ್ನೇ ಕದ್ದು ಹೊರಗೆ ಚೆಲ್ಲುತ್ತಿದೆ” ಎಂದರು. ಅಡಿಕೆ ಒಣಗಿಸುವ ಗೂಡಿಗೆ ಕೆಳಗಿನಿಂದ ಗಾಳಿ ಬಿಡದಿದ್ದರೆ ಏನಾಗುತ್ತದೆಂದು ಬಲ್ಲವರಿಗೆ ಅದು ಮಗ್ಗಿಯಷ್ಟೇ ಸರಳ. ಒಳಬರುವ ದಾರಿಯು ಹೊರಹೋಗುವ ದಾರಿಗಿಂತ ದೊಡ್ಡದಾಗಿರಬೇಕು, ಅದು ಸೂರಿನಡಿಯಲ್ಲಿ ತಗ್ಗಿನಲ್ಲಿರಬೇಕು, ಫ್ಯಾನು ಎತ್ತರದಲ್ಲಿರಬೇಕು ಎಂಬ ಶಾಸ್ತ್ರವೆಲ್ಲ ಆ ಊದುಬತ್ತಿಯ ಹೊಗೆಯಲ್ಲಿಯೇ ಇತ್ತು.

ಗುತ್ತಿಗೆದಾರರು ಮೆತ್ತಿದ್ದ ಸಿಮೆಂಟನ್ನು ಕೀಳಿಸಿ, ಸೂರಿನುದ್ದಕ್ಕೂ ಕಿಂಡಿ ಬಿಡಿಸಿ, ಬಾವಲಿಗಳಿಗೆ ಅಡ್ಡವಾಗಿ ಸ್ಟೀಲಿನ ಜಾಳಿಗೆ ಹೊಡೆಸಿದೆವು. ಅಟ್ಟ ತಕ್ಕಮಟ್ಟಿಗೆ ತಣಿಯಿತು. ತಕ್ಕಮಟ್ಟಿಗೆ ಎನ್ನಲು ಕಾರಣವಿದೆ. ಹೊರಗಿನ ಗಾಳಿಗಿಂತ ತಂಪಾದ ಗಾಳಿಯನ್ನು ಯಾವ ಫ್ಯಾನೂ ಒದಗಿಸಲಾರದು. ಅದಲ್ಲದೆ ಕಾದ ತಗಡಿನಿಂದ ನೇರವಾಗಿ ಕೆಳಗೆ ಸೂಸುವ ಝಳವು ಗಾಳಿಯನ್ನು ಅವಲಂಬಿಸಿರುವುದಿಲ್ಲ. ಅದಕ್ಕೆ ಶೀಟಿನ ಮೇಲೆ ನೆರಳು ಬೇಕು. ಅಡಿಕೆಯ ಸೋಗೆ ಹೊದೆಸಿರೆಂದು ಮಾವನವರೂ, ತೆಂಗಿನ ಮಡಲು ಸಾಕೆಂದು ಅಕ್ಕೋರೂ ಬೇಲಿಯ ಎರಡು ಬದಿಯಲ್ಲಿ ನಿಂತು ವಾದಿಸಿದರು, ಅಕ್ಕೋರು ಗೆದ್ದರು. ಮಳೆಗಾಲದಲ್ಲಿ ಪಡುವಣ ಫ್ಯಾನಿನ ಬಾಯಿಗೆ ಮುಚ್ಚಳ ಹಾಕಬೇಕು, ಏಕೆಂದರೆ ಸಮುದ್ರದ ಕಡೆಯಿಂದ ಬೀಸುವ ಮಳೆಗೆ ಫ್ಯಾನಿನ ಪಟ್ಟಿಗಳು ಯಾವ ಲೆಕ್ಕವೂ ಅಲ್ಲ. ಮುಚ್ಚಳ ತೆಗೆಯಲು ತಡವಾದರೆ ಕುಂಬಾರ ಹುಳು ಬಂದು ಪಟ್ಟಿಗಳ ನಡುವೆ ಮಣ್ಣಿನ ಮನೆ ಕಟ್ಟಿ, ಗುತ್ತಿಗೆದಾರರಷ್ಟೇ ಅಚ್ಚುಕಟ್ಟಾಗಿ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಮಾವನವರಿಗೆ ಮಾತ್ರ ಈ ಇಡೀ ಉದ್ಯಮದ ಬಗೆಗೆ ಒಂದು ಮೂಲಭೂತ ಆಕ್ಷೇಪವಿತ್ತು. ಅವರ ಊರಿನಲ್ಲಿ ಅಟ್ಟವನ್ನು ಕಟ್ಟುವುದೇ ಬಿಸಿಗಾಗಿ. ಒಲೆಯ ಹೊಗೆ ತಾಗುವಲ್ಲಿ ಅಡಿಕೆ, ಕಾಳುಮೆಣಸು, ಮುರುಗಲು ಸಿಪ್ಪೆಗಳನ್ನು ಇಟ್ಟು ಮಳೆಗಾಲದ ಬೂಷ್ಟಿನಿಂದ ಕಾಯುತ್ತಾರೆ. ದೇವರು ಪುಕ್ಕಟೆಯಾಗಿ ಕೊಟ್ಟ ಬಿಸಿಯನ್ನು ಕರೆಂಟು ಸುಟ್ಟು ಹೊರಗೆ ಚೆಲ್ಲುವ ಮನೆಯನ್ನು ಅವರು ಇದೇ ಮೊದಲು ನೋಡಿದ್ದು. ಊರಿಗೆ ಮರಳಿದ ಮೇಲೆ ಬಹಳ ಯೋಚಿಸಿರಬೇಕು. ಜೂನ್ ಮೊದಲ ವಾರ ಬಾಡಿಗೆಯ ಟೆಂಪೊ ಒಂದು ಬಂದು ನಮ್ಮ ಜಗುಲಿಯಲ್ಲಿ ಚಾಲಿ ಅಡಿಕೆಯ ಚೀಲಗಳನ್ನು ಇಳಿಸಿತು. ಜೊತೆಗಿದ್ದ ಚೀಟಿಯಲ್ಲಿ, ಇವನ್ನು ನಿಮ್ಮ ಅಟ್ಟದಲ್ಲಿಡಬೇಕು, ದೀಪಾವಳಿಯವರೆಗೆ ಥರ್ಮೋಸ್ಟಾಟನ್ನು 40ರಿಂದ 50ಕ್ಕೆ ಏರಿಸಬೇಕು, ಉಳಿದ ಕರೆಂಟಿನ ಲೆಕ್ಕವನ್ನು ಅಡಿಕೆ ಮಾರಿದ ಮೇಲೆ ನೋಡೋಣ ಎಂದು ಬರೆದಿತ್ತು.