ಹೆಪ್ಪು ಇದೆಯಾ ಅಕ್ಕಾ?

ನಮ್ಮ ಅಡುಗೆಮನೆ ಅಟ್ಟದ ಮೇಲೆ ಐದಾರು ತಿಂಗಳು ಒಂದು ಸ್ಟೀಲ್ ಡಬ್ಬಿ ಇತ್ತು. ಮೇಲೆ ಎರಡು ಬೊಗಸೆ ರಾಗಿ ಹಿಟ್ಟು. ಅದರ ಕೆಳಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡು, ಮಗಳ ಬರ್ತ್ ಸರ್ಟಿಫಿಕೇಟು, ಆಸ್ಪತ್ರೆ ಚೀಟಿಗಳು, ಮೂರು ಸಾವಿರ ರೂಪಾಯಿ. ಮಹಡಿ ಮನೆಯವಳದ್ದು. ನಡುವೆ ಹಿಟ್ಟಿಗೆ ಹುಳ ಬಿತ್ತು, ನಾನೇ ಬದಲಾಯಿಸಿದೆ.

ಅದಕ್ಕೇ, "ಗಂಡ ಅಷ್ಟು ಹೊಡೀತಿದ್ರೆ ಬಿಟ್ಟು ಬರಬೇಕಿತ್ತಪ್ಪ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವಳು ಬಿಡುತ್ತಲೇ ಇದ್ದಳು, ಒಂದೊಂದೇ ಕಾಗದವಾಗಿ. ಹೋಗುತ್ತಾಳೆ ಅಂತ ಅವನಿಗೆ ಗೊತ್ತಾದ ದಿನವೇ ಏಟು ಜಾಸ್ತಿ ಬೀಳುವುದು ಅಂತ ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ನಾನೇನು ಸಾಚಾ ಅಲ್ಲ. ಮೊದಲ ವರ್ಷ ಪೂರ್ತಿ ಟಿವಿ ಸೌಂಡ್ ಜಾಸ್ತಿ ಮಾಡಿಕೊಂಡು ಕೂತವಳು. ಉಂಡು ಮಲಗುವ ತನಕದ ಜಗಳ, ನಮಗ್ಯಾಕೆ ಅಂತ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಪಕ್ಕದ ಮನೆಯವರೂ ಮಾಹಿತಿ ಕೊಡಬಹುದು, ಒಳ್ಳೆ ಉದ್ದೇಶದಿಂದ ಕೊಟ್ಟರೆ ಕೇಸು ಗೀಸು ನಮ್ಮ ತಲೆಗೆ ಬರಲ್ಲ ಅಂತ ಆಮೇಲೆ ತಿಳಿಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ 100ಕ್ಕೆ 44 ಮಂದಿ ಗಂಡನ ಹಿಂಸೆ ಅನುಭವಿಸಿದವರು. ಅಷ್ಟೂ ಮನೆಗಳ ಪಕ್ಕ ಟಿವಿ ಇದೆ ಅಲ್ವಾ?

ಅವಳ ಫೋನನ್ನು ಅವನು ದಿನಾ ನೋಡುತ್ತಿದ್ದ. ಹಾಗಾಗಿ ಮಹಿಳಾ ಸಹಾಯವಾಣಿ 181ಕ್ಕೆ ಮಾತಾಡಿದ್ದು ನನ್ನ ಫೋನಿನಿಂದ. ಇಬ್ಬರೂ ಒಂದು ಮಾತು ಗೊತ್ತು ಮಾಡಿಕೊಂಡಿದ್ದೆವು. "ಹೆಪ್ಪು ಇದೆಯಾ?" ಅಂತ ಕೇಳಿದರೆ ನಾನು 112 ಒತ್ತಬೇಕು. ಒಂದು ರಾತ್ರಿ ಹತ್ತೂವರೆಗೆ ಮಗಳು ಬಾಗಿಲು ಬಡಿದಳು. ಕೈಯಲ್ಲಿ ಪುಟ್ಟ ಲೋಟ. "ಆಂಟಿ, ಅಮ್ಮ ಹೆಪ್ಪು ಕೇಳಿದ್ರು."

ಪೊಲೀಸರು ಬಂದರು. ಆದರೆ ಸ್ಟೇಷನ್‌ನಲ್ಲಿ ಮತ್ತದೇ ಹಾಡು: "ಮಗು ಇದೆ, ಹೊಂದಿಕೊಂಡು ಹೋಗಮ್ಮ." ಅವಳು ಹೊಂದಿಕೊಳ್ಳಲಿಲ್ಲ. ಡಬ್ಬಿ ತೆಗೆದುಕೊಂಡು, ಹಿಂಸೆಗೆ ಸಿಕ್ಕ ಹೆಣ್ಣುಮಕ್ಕಳಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರಕ್ಕೆ ಹೋದಳು. ಅಲ್ಲಿಂದ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಕಚೇರಿಗೆ. ನಮಗೆಲ್ಲ ಅಂಗನವಾಡಿ ಆಫೀಸು ಅಂತ ಮಾತ್ರ ಗೊತ್ತಿರುವ ಜಾಗ. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು ಅವರೇ. ಏಟುಗಳದ್ದೆಲ್ಲ ವರದಿ ಬರೆದು ಮ್ಯಾಜಿಸ್ಟ್ರೇಟ್‌ಗೆ ಕಳಿಸುತ್ತಾರೆ. ಆಸ್ಪತ್ರೆ ಚೀಟಿಗಳು ಉಪಯೋಗಕ್ಕೆ ಬಂದಿದ್ದು ಅಲ್ಲೇ. ವಕೀಲರು ಕಾನೂನು ಸೇವಾ ಪ್ರಾಧಿಕಾರದಿಂದ, ಪುಕ್ಕಟೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲ. 15100ಕ್ಕೆ ಫೋನ್ ಮಾಡಿದರೆ ಸಾಕು.

"ಮನೆ ನಮ್ಮಮ್ಮನ ಹೆಸರಲ್ಲಿದೆ, ಅವಳಿಗೇನು ಹಕ್ಕು?" ಅಂತ ಗಂಡ ವಾದಿಸಿದ. ಅತ್ತೆ ಮಾವನ ಹೆಸರಲ್ಲಿದ್ದರೂ ಸೊಸೆ ಸಂಸಾರ ಮಾಡಿದ ಮನೆಯಲ್ಲಿ ವಾಸದ ಹಕ್ಕು ಕೇಳಬಹುದು ಅಂತ 2020ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಾಯ್ದೆ ಪ್ರಕಾರ 60 ದಿನಕ್ಕೆ ಮುಗಿಯಬೇಕಿದ್ದ ಅರ್ಜಿ ಏಳು ತಿಂಗಳು ಎಳೆಯಿತು, ಅದು ಬೇರೆ ಮಾತು.

"ಆ ಮೆಟ್ಟಿಲು ಇನ್ನೊಂದು ಸಲ ಹತ್ತಲ್ಲ ಅಕ್ಕಾ" ಅಂದಳು. ಮನೆ ಬದಲು ಬಾಡಿಗೆ ಕೇಳಿದಳು. ಅದಕ್ಕೂ ಕಾಯ್ದೆಯಲ್ಲಿ ದಾರಿ ಇದೆ, ಆದೇಶವೂ ಆಯಿತು. ಎರಡು ತಿಂಗಳದ್ದು ಬಂದಿದೆ. ಮೂರನೆಯದಕ್ಕೆ ವಕೀಲರು ಓಡಾಡುತ್ತಿದ್ದಾರೆ.